ಗಾಳಿಚಕ್ರಕ್ಕೆ ರಜೆ ಕೊಟ್ಟ ದಿನ

ನಾನು ಹುಟ್ಟಿದಾರಭ್ಯ ಮೀನು ತಿಂದವನಲ್ಲ. ಮನೆಯಲ್ಲಿ ಯಾರಾದರೂ ಮೊಟ್ಟೆಯ ಮಾತೆತ್ತಿದರೂ ನಮ್ಮಮ್ಮ ಎದ್ದು ಹೋಗಿ ಕಿಟಕಿ ತೆರೆಯುತ್ತಿದ್ದರು. ಅಂಥ ಮನೆಯವನನ್ನು, ಅರವತ್ತು ತುಂಬಿ ನಿವೃತ್ತಿಯ ಹಾರ, ಶಾಲು, ಗೋಡೆ ಗಡಿಯಾರ ಎಲ್ಲವನ್ನೂ ಸ್ವೀಕರಿಸಿ ಆದಮೇಲೆ, ವಿಧಿಯು ಒಂದು ಮೀನಿನ ಕೊಳದ ದಂಡೆಗೆ ತಂದು ನಿಲ್ಲಿಸಿತು. ಕೈಗೊಂದು ಹಾಜರಿ ಪುಸ್ತಕವನ್ನೂ ಕೊಟ್ಟಿತು.

ಅದಕ್ಕೂ ಮೊದಲು ಮೂವತ್ತೆರಡು ವರ್ಷ ನಾನು ಸರ್ಕಾರಿ ಕಾರ್ಖಾನೆಯೊಂದರ ತೋಟದ ವಿಭಾಗದಲ್ಲಿದ್ದೆ. ಯಂತ್ರ ತಯಾರಿಸುವ ಜಾಗದಲ್ಲಿ ಹುಲ್ಲು ಬೆಳೆಸಿ ಪಿಂಚಣಿ ಪಡೆದ ಅಪರೂಪದ ಮನುಷ್ಯ. ನಿವೃತ್ತಿಯ ಮೂರನೆಯ ತಿಂಗಳಿಗೆ ಮನೆಯಾಕೆ, "ನೀವು ಹೀಗೆ ದಿನಾ ಕುಂಡ ಎಣಿಸ್ತಾ ಕೂತ್ರೆ ನಂಗೆ ಹುಚ್ಚು ಹಿಡಿಯುತ್ತೆ, ಎಲ್ಲಾದ್ರೂ ಹೋಗಿ" ಎಂದಳು. ಹೋದೆ. ನಾಗಸಂದ್ರ ದಾಟಿ ತುಮಕೂರು ರಸ್ತೆಯಿಂದ ಸ್ವಲ್ಪ ಒಳಗೆ, ಹತ್ತಾರು ಕಂಪನಿಗಳು ಒಂದೇ ಕಾಂಪೌಂಡಿನಲ್ಲಿರುವ ಒಂದು ಕೈಗಾರಿಕಾ ಆವರಣದಲ್ಲಿ ನನ್ನನ್ನು ಗ್ರೀನ್ ಸೂಪರ್‌ವೈಸರ್ ಎಂದು ನೇಮಿಸಿಕೊಂಡರು. ಒಂದು ನರ್ಸರಿ, ಒಂದು ಹೊಂಗೆ-ನೇರಳೆ ತೋಪು, ಒಂದು ಮೀನಿನ ಕೊಳ. ಕೃಷಿ, ಅರಣ್ಯ, ಮೀನುಗಾರಿಕೆ, ಮೂರೂ ಖಾತೆ ಒಬ್ಬನ ಹತ್ತಿರ. ವಿಧಾನಸೌಧದಲ್ಲೂ ಒಬ್ಬರಿಗೆ ಇಷ್ಟು ಸುಲಭವಾಗಿ ಕೊಡುವುದಿಲ್ಲ.

ನನ್ನ ಅಧೀನದಲ್ಲಿ ಎಂಟು ಮಂದಿ. ಗಿಡಮರಕ್ಕೆ ಆರು ಹೆಂಗಸರು, ಕೊಳಕ್ಕೆ ಇಬ್ಬರು. ಕೊಳದ ಇಬ್ಬರಲ್ಲಿ ಒಬ್ಬ ಬಲೆ ಬೀಸುವವನು. ಲಗ್ಗೆರೆಯಲ್ಲಿ ನಮ್ಮ ಹಿಂದಿನ ಬೀದಿಯವನೇ. ಎಲ್ಲರನ್ನೂ "ಗುರು" ಎಂದು ಕರೆದು, ನನ್ನನ್ನು ಮಾತ್ರ ಅರ್ಧಕ್ಕೆ ನೆನಪಾಗಿ "ಗುರು... ಸಾರ್" ಎನ್ನುತ್ತಿದ್ದ. ಇನ್ನೊಬ್ಬರು ದೊಡ್ಡಕ್ಕ. ವಯಸ್ಸು ಐವತ್ತರ ಆಸುಪಾಸು. ಆಕೆಯ ಅಪ್ಪ ಹತ್ತಿರದ ಊರ ಕೆರೆಯಲ್ಲಿ ಮೀನು ಸಾಕುತ್ತಿದ್ದರಂತೆ. ಈಗ ಅಲ್ಲಿ ಕೆರೆಯ ನೋಟ ಎಂಬರ್ಥದ ಇಂಗ್ಲಿಷ್ ಹೆಸರಿನ ಬಡಾವಣೆಯಿದೆ. ಕೆರೆ ಮಾತ್ರ ಎಲ್ಲಿಂದ ನೋಡಿದರೂ ಕಾಣದು, ಬಡಾವಣೆ ನಿಂತಿರುವುದೇ ಅದರ ಮೇಲೆ. ದೊಡ್ಡಕ್ಕನಿಗೆ ಓದು ಬರುತ್ತಿರಲಿಲ್ಲ. ಆದರೆ ಬೆಳಿಗ್ಗೆ ನೀರಿನ ಬಣ್ಣ ನೋಡಿ, ಅಂಗೈಯಲ್ಲಿ ತುಸು ಎತ್ತಿ ಮೂಸಿ, ಇವತ್ತು ಮೀನಿಗೆ ಊಟ ಎಷ್ಟು ಹಾಕಬೇಕೆಂದು ಹೇಳುತ್ತಿದ್ದರು. ನಾನು ಅದನ್ನು ರಿಜಿಸ್ಟರಿನಲ್ಲಿ ಬರೆದು, ಕೆಳಗೆ ನನ್ನ ರುಜು ಹಾಕುತ್ತಿದ್ದೆ. ಆಡಳಿತವೆಂದರೆ ಇದೇ.

ನನಗೊಂದು ಸೀಟಿಯಿತ್ತು. ಸ್ಟೀಲಿನದು, ಕಾರ್ಖಾನೆಯ ಕಾಲದ್ದು, ಕೊರಳಲ್ಲಿ ಕಪ್ಪು ದಾರದಲ್ಲಿ ತೂಗುತ್ತಿತ್ತು. ಒಂದು ಊದಿದರೆ ಕೆಲಸ ಶುರು, ಎರಡು ಊದಿದರೆ ಊಟ, ಉದ್ದಕ್ಕೆ ಊದಿದರೆ ಯಾರೋ ಸಸಿ ತುಳಿಯುತ್ತಿದ್ದಾರೆ ಎಂದರ್ಥ.

ಆ ವರ್ಷ ದಸರೆಗೆ ಮುಂಚೆ ಆವರಣದ ಮೇಲ್ವಿಚಾರಣೆ ನೋಡಿಕೊಳ್ಳುವ ಮೇಡಂ ನನ್ನನ್ನು ಕರೆಸಿದರು. ದಾವಣಗೆರೆ ಕಡೆಯ ಹೆಣ್ಣುಮಗಳು, ಹಣೆಯಲ್ಲಿ ತೆಳುವಾದ ವಿಭೂತಿ, ಮೇಜಿನ ಮೇಲೆ ಮೂರು ಫೋನು.

"ಸರ್, ಕುಂದರ್ರಿ. ಕೊಳದ ವಿಷಯ. ನಂಗೇನೋ ಕೊಳ ಇಷ್ಟಾನೇ. ಆದ್ರ ಮ್ಯಾನೇಜ್‌ಮೆಂಟ್‌ಗೆ ಪಾರ್ಕಿಂಗ್ ಬೇಕಾಗೇತಿ. ಹಬ್ಬ ಮುಗಿದ ಸೋಮವಾರ ಡೈರೆಕ್ಟರ್ ಸಾಹೇಬ್ರು ಬರ್ತಾರ. ಅವರ ಮುಂದ ಬಲೆ ಹಾಕಿ ತೋರಿಸ್ರಿ. ಮೀನು ಬಂದ್ರ ಕೊಳ ಉಳೀತದ. ಬರಲಿಲ್ಲಾಂದ್ರ ಮಣ್ಣು ಹಾಕಿ ಮುಚ್ಚತಾರ."

"ಕೊಳದ ಇಬ್ಬರು ಕೆಲಸದವರು?"

"ಹೌಸ್‌ಕೀಪಿಂಗ್‌ಗೆ ಹಾಕ್ತೀವ್ರಿ."

ಇದನ್ನು ನಾನು ದೊಡ್ಡಕ್ಕನಿಗೆ ತಿಳಿಸಿದಾಗ ಆಕೆ ಬುಟ್ಟಿಯಲ್ಲಿ ತೌಡು-ಹಿಂಡಿ ಕಲಸುತ್ತಿದ್ದರು. ಕೈ ನಿಲ್ಲಲಿಲ್ಲ.

"ನಾನು ನೆಲ ಒರ್ಸಕ್ಕೋಗಾಕಿಲ್ಲ ಸಾ. ನಮ್ಮಪ್ಪನ್ ಕೆರೆ ಮುಚ್ಚಿದಾಗ ನಾನು ಚಿಕ್ಕೋಳು, ಏನೂ ಮಾಡಕ್ಕಾಗ್ಲಿಲ್ಲ. ಇದನ್ನ ಮುಚ್ಚಕ್ಕೆ ಬುಡಾಕಿಲ್ಲ. ಸೋಮವಾರ ಬಲೆ ತುಂಬ ಮೀನು ಬತ್ತವೆ. ಬರ್ಕಳಿ ನಿಮ್ ಪುಸ್ತಕದಾಗೆ."

ಬರೆದುಕೊಂಡೆ. ರುಜುವನ್ನೂ ಹಾಕಿದೆ.

ಕೊಳದ ನಡುವೆ ಒಂದು ಗಾಳಿಚಕ್ರವಿತ್ತು. ಮೋಟರಿನಿಂದ ತಿರುಗುತ್ತಾ, ರೆಕ್ಕೆಗಳಿಂದ ನೀರನ್ನು ಬಡಿದೆಬ್ಬಿಸಿ, ನೀರಿನೊಳಕ್ಕೆ ಗಾಳಿ ಸೇರಿಸುವ ಯಂತ್ರ. ಸಣ್ಣ ಕೊಳ, ಕೈಯುದ್ದ ಬೆಳೆದ ಕಾಟ್ಲಾ, ರೋಹು ಮೀನುಗಳು ಕಿಕ್ಕಿರಿದಿದ್ದವು. ಚಕ್ರ ನಿಂತರೆ ಅವಕ್ಕೆ ಉಸಿರು ಸಾಲದು. ಇದು ನನಗೆ ಗೊತ್ತಿತ್ತು. ರಿಜಿಸ್ಟರಿನ ಮೊದಲ ಪುಟದಲ್ಲಿ ನಾನೇ ಕೆಂಪು ಶಾಯಿಯಲ್ಲಿ ಬರೆದಿದ್ದೆ. ಆದರೆ ಗೊತ್ತಿರುವುದಕ್ಕೂ ಹಬ್ಬದ ದಿನ ನೆನಪಾಗುವುದಕ್ಕೂ ಬಹಳ ದೂರ.

ಆಯುಧಪೂಜೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಪೂಜೆಯಾದ ಹತಾರ ಮರುದಿನ ಸಂಜೆಯವರೆಗೆ ಅಲುಗಾಡಬಾರದು. ವರ್ಷವಿಡೀ ದುಡಿದದ್ದಕ್ಕೆ ಒಂದು ದಿನದ ವಿಶ್ರಾಂತಿ. ಕಾರ್ಖಾನೆಯಲ್ಲಿದ್ದಾಗ ಒಮ್ಮೆ ಜನರಲ್ ಮ್ಯಾನೇಜರರ ಬಂಗಲೆಯಿಂದ ಹುಲ್ಲು ಕತ್ತರಿಸಲು ಹೇಳಿಕಳಿಸಿದ್ದರು. "ಕತ್ತರಿಯು ವಿಶ್ರಾಂತಿಯಲ್ಲಿದೆ" ಎಂದು ಚೀಟಿ ಬರೆದು ಹಿಂದಕ್ಕೆ ಕಳಿಸಿದ್ದೆ. ಆ ಚೀಟಿಯ ಕಥೆಯನ್ನು ಈ ಎಂಟು ಜನರಿಗೆ ಎಷ್ಟು ಸಲ ಹೇಳಿದ್ದೆನೋ, ನಾನು ಬಾಯಿ ತೆರೆದರೆ ಹೆಂಗಸರು ನನಗಿಂತ ಮೊದಲೇ "ಕತ್ತರಿಯು" ಎನ್ನುತ್ತಿದ್ದರು.

ಹಬ್ಬಕ್ಕೆ ನಾಲ್ಕು ದಿನ ಸಾಲು ರಜೆಯಿದ್ದುದರಿಂದ ಆವರಣದಲ್ಲಿ ಬುಧವಾರ ಮಧ್ಯಾಹ್ನವೇ ಪೂಜೆ. ಗುದ್ದಲಿ, ಕುಡುಗೋಲು, ನೀರು ಹಾಕುವ ಕ್ಯಾನು, ಡೀಸೆಲ್ ಪಂಪು, ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟೆವು. ಗಾಳಿಚಕ್ರವನ್ನೂ ನಿಲ್ಲಿಸಿ, ಹಗ್ಗ ಕಟ್ಟಿ ದಡಕ್ಕೆ ಎಳೆಯಲು ಹೇಳಿದೆ.

ದೊಡ್ಡಕ್ಕ ಆಕಾಶ ನೋಡಿದರು. "ಸಾ, ಚಕ್ರಕ್ಕೆ ಅಲ್ಲೇ ದೂರದಿಂದ ಕೈ ಮುಗ್ಯಾನಾ. ನಿಲ್ಸೋದು ಬ್ಯಾಡ. ಮೂರು ದಿನದಿಂದ ಮೋಡ ಕವ್ಕೊಂಡದೆ, ಬಿಸ್ಲಿಲ್ದಿದ್ರೆ ನೀರಾಗೆ ಗಾಳಿ ಕಮ್ಮಿ."

"ದೊಡ್ಡಕ್ಕ, ಸಂಪ್ರದಾಯ ಅಂದ್ರೆ ಸಂಪ್ರದಾಯ. ಕತ್ತರಿಗೊಂದು ನ್ಯಾಯ, ಚಕ್ರಕ್ಕೊಂದು ನ್ಯಾಯ ಮಾಡಕ್ಕಾಗುತ್ತಾ? ವರ್ಷವೆಲ್ಲಾ ಸುತ್ತಿದೆ, ಒಂದು ದಿನ ಕೂರಲಿ."

ಆಕೆ ಇನ್ನೊಮ್ಮೆ ಆಕಾಶ ನೋಡಿ, ತಟ್ಟೆಗೆ ಹೂವು ಜೋಡಿಸಲು ಹೋದರು. ಮೇಲಧಿಕಾರಿಗೆ ಎರಡು ಸಲ ಹೇಳುವ ಅಭ್ಯಾಸ ನಮ್ಮಲ್ಲಿಲ್ಲ; ಬೆಳೆಯದಂತೆ ನಾನೇ ನೋಡಿಕೊಂಡಿದ್ದೆ.

ಬಲೆಯವನು ಚಕ್ರವನ್ನು ದಡಕ್ಕೆ ಎಳೆದು, ಪೈಪು ಹಿಡಿದು ಅದಕ್ಕೆ ಸ್ನಾನ ಮಾಡಿಸತೊಡಗಿದ. "ಒಳಗೂ ಹೊರಗೂ ಶುಭ್ರವಾಗಿರಬೇಕಪ್ಪಾ" ಎಂದೆ. ಅವನು ಮಾತಿಗೆ ತಪ್ಪುವವನಲ್ಲ. ಮೋಟರಿನ ಮುಚ್ಚಳ ಬಿಚ್ಚಿ ಒಳಗೂ ತೊಳೆದ. ನಾನು ಮೆಚ್ಚಿ ತಲೆದೂಗಿದೆ.

ಚೆಂಡುಹೂವಿನ ಹಾರ, ಅರಿಶಿನ, ಕುಂಕುಮ, ಮಂಗಳಾರತಿ, ಬೂದುಗುಂಬಳ. ಪ್ರಸಾದದ ಪುರಿ ಮಿಕ್ಕಿತ್ತು. "ಮೀನುಗಳೂ ನಮ್ಮ ಸಿಬ್ಬಂದಿಯೇ ಅಲ್ವೇ" ಎಂದು ಘೋಷಿಸಿ ಎರಡು ಮೊರ ಪುರಿಯನ್ನು ಕೊಳಕ್ಕೆ ಸುರಿಸಿದೆ. ಎಲ್ಲರೂ ನಕ್ಕರು. ದೊಡ್ಡಕ್ಕ ನಗಲಿಲ್ಲ. ಸಂಜೆ ನನ್ನ ಸ್ಕೂಟರಿಗೂ ಪೂಜೆಯಾಗಿ, ಎರಡು ಕಡೆ ಬಾಳೆಕಂದು ಕಟ್ಟಿಸಿಕೊಂಡು, ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿ ಮಾಡಿ, ಸಂಪ್ರದಾಯವನ್ನು ಉಳಿಸಿದ ತೃಪ್ತಿಯಿಂದ ಮನೆಗೆ ಹೋದೆ.

ಗುರುವಾರ ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಹಲ್ಲುಜ್ಜುತ್ತಿದ್ದೆ. ಗೇಟಿನ ಸೆಕ್ಯೂರಿಟಿಯವನ ಫೋನು.

"ಸಾರ್, ಹಬ್ಬದ ಶುಭಾಶಯಗಳು ಸಾರ್. ನಿಮ್ ಮೀನೆಲ್ಲಾ ಮೇಲ್ಗಡೆ ಬಂದು ಬಾಯಿ ತೆಕ್ಕೊಂಡು ನಿಂತಿವೆ ಸಾರ್. ಸಾವಿರ ಬಾಯಿ. ಸಕ್ಕತ್ತಾಗಿದೆ. ವಿಡಿಯೋ ಕಳಿಸ್ಲಾ?"

ಬಾಯಲ್ಲಿದ್ದ ಪೇಸ್ಟು ಒಳಗೇ ಹೋಯಿತು. "ಚಕ್ರ ತಿರುಗ್ತಾ ಇದೆಯೇನಪ್ಪಾ?"

"ಎಲ್ಲಿ ಸಾರ್, ನೀವೇ ಹೂವ ಹಾಕಿ ಮಲಗ್ಸಿದ್ದೀರಲ್ಲ."

ದೊಡ್ಡಕ್ಕನಿಗೆ ಫೋನು ಮಾಡಿದೆ. ಆಕೆ ಆವರಣದ ಹಿಂದಿನ ಗಲ್ಲಿಯಲ್ಲೇ ಇರುವವರು. "ಗೊತ್ತಾಯ್ತು ಸಾ, ನೀರಾಗೇ ನಿಂತಿವ್ನಿ, ಬಿರ್ರನೆ ಬನ್ನಿ" ಎಂದು ಇಟ್ಟುಬಿಟ್ಟರು. ಹಿಂದಿನ ಬೀದಿಯಿಂದ ಬಲೆಯವನನ್ನು ಎಬ್ಬಿಸಿ, ಹಿಂದೆ ಕೂರಿಸಿಕೊಂಡು ಹೊರಟೆ. ಪೀಣ್ಯದ ವರ್ಕ್‌ಶಾಪುಗಳೆಲ್ಲ ಬಾಗಿಲು ಹಾಕಿದ್ದವು. ಪ್ರತಿ ಶಟರಿನ ಮುಂದೆಯೂ ಕುಂಕುಮ ತುಂಬಿದ ಒಡೆದ ಕುಂಬಳ. ಎರಡು ಬಾಳೆಕಂದು ರಪರಪ ಬಡಿಯುತ್ತಾ, ಮದುವೆಯ ದಿಬ್ಬಣದಿಂದ ತಪ್ಪಿಸಿಕೊಂಡವರ ಹಾಗೆ ಇಬ್ಬರೂ ತುಮಕೂರು ರಸ್ತೆಯಲ್ಲಿ ಹೋದೆವು.

ಕೊಳದ ತುಂಬ ಬಾಯಿಗಳು. ನೀರಿನ ಮೇಲೆ ಗುಂಡಗೆ ತೆರೆದು, ಮುಚ್ಚಿ, ತೆರೆದು. ಶಬ್ದವಿಲ್ಲ. ಕೆಲವು ಆಗಲೇ ಮಗ್ಗುಲಾಗಿ ತೇಲುತ್ತಿದ್ದವು. ದೊಡ್ಡಕ್ಕ ಸೀರೆ ಎತ್ತಿಕಟ್ಟಿ ಮಂಡಿಯುದ್ದ ನೀರಿನಲ್ಲಿ ನಿಂತು, ಪ್ಲಾಸ್ಟಿಕ್ ಬಿಂದಿಗೆಯಲ್ಲಿ ನೀರೆತ್ತಿ ತಲೆಯ ಮೇಲಿಂದ ಸುರಿಯುತ್ತಿದ್ದರು. ಹಾಗೆ ಸುರಿದಾಗ ನೀರಿನ ಜೊತೆ ಒಂದಿಷ್ಟು ಗಾಳಿ ಒಳಗೆ ಹೋಗುತ್ತದೆ. ಹೊಟ್ಟೆ ತುಂಬಿದ ಮೀನಿಗೆ ಉಸಿರು ಇನ್ನೂ ಹೆಚ್ಚು ಬೇಕು; ಎರಡು ಮೊರ ಪುರಿ ತಿಂದವಕ್ಕೆ ಒಂದು ಬಿಂದಿಗೆ ಗಾಳಿ.

"ಎಷ್ಟು ಹೋದವು ದೊಡ್ಡಕ್ಕ?"

"ಎಣಿಸ್ತಾ ಕುಂತ್ರೆ ಮಿಕ್ಕಿದ್ದೂ ಓಯ್ತವೆ. ಚಕ್ರ ಆಕ್ಸಿ ಮೊದ್ಲು."

ಬಲೆಯವನು ಹಾರ ಕಿತ್ತೆಸೆದು ಚಕ್ರವನ್ನು ನೀರಿಗೆ ನೂಕಿ ಸ್ವಿಚ್ ಒತ್ತಿದ. ಬೋರ್ಡಿನ ಟ್ರಿಪ್ ಸ್ವಿಚ್ಚು 'ಟಕ್' ಎಂದು ಬಿತ್ತು. ಮತ್ತೆ ಒತ್ತಿದ. ಮತ್ತೆ 'ಟಕ್'.

"ಮೋಟ್ರು ನೀರು ಕುಡ್ಕೊಂಡ್ಬಿಟ್ಟಿದೆ ಗುರು... ಸಾರ್. ಒಳಗೂ ತೊಳಿ ಅಂದ್ರಲ್ಲ."

ಎಲೆಕ್ಟ್ರಿಷಿಯನ್‌ಗೆ ಫೋನು ಮಾಡಿದರೆ ಅವನು ಹಾಸನದಲ್ಲಿ ಅತ್ತೆಮನೆಯಲ್ಲಿದ್ದ. ಹಿಂದೆ ಒಬ್ಬಟ್ಟಿನ ಗದ್ದಲ ಕೇಳುತ್ತಿತ್ತು. "ಒಣಗದೆ ಮುಟ್ಟಬೇಡಿ ಸಾರ್, ಸುಟ್ಟೋಗುತ್ತೆ. ನಾಳೆ ಮಧ್ಯಾಹ್ನ ಬರ್ತೀನಿ."

ಉಳಿದದ್ದು ನರ್ಸರಿಯ ಡೀಸೆಲ್ ಪಂಪು. ಕೊಳದ ನೀರನ್ನೇ ಎಳೆದು ಮೇಲಿಂದ ಮಳೆಯಂತೆ ಚಿಮ್ಮಿಸಬಹುದು. ಪಂಪನ್ನು ತಿರುಗಿಸುವ ಹ್ಯಾಂಡಲ್ ನರ್ಸರಿಯ ಶೆಡ್ಡಿನಲ್ಲಿ, ಚಾಮುಂಡಿಯ ಫೋಟೋದ ಮುಂದೆ, ತಟ್ಟೆಯಲ್ಲಿ, ಮೂರು ಬೊಟ್ಟು ಕುಂಕುಮ ಇಟ್ಟುಕೊಂಡು ಸೇವಂತಿಗೆಯ ಮೇಲೆ ಮಲಗಿತ್ತು. ಓಡಿಹೋಗಿ ಅದರ ಮುಂದೆ ನಿಂತೆ. ಕೈ ಮುಂದಕ್ಕೆ ಬರಲಿಲ್ಲ. ಮೂವತ್ತೆರಡು ವರ್ಷದ ನೇಮ ಮೊಣಕೈಯನ್ನು ಹಿಡಿದುಕೊಂಡಿತ್ತು. ಓದುಗರು ನಗಬಹುದು. ಆ ಗಳಿಗೆಯಲ್ಲಿ ನಗು ಬರಲಿಲ್ಲ.

ನಾನು ಬಾರದ್ದನ್ನು ಕಂಡು ದೊಡ್ಡಕ್ಕ ನೀರು ತೊಟ್ಟಿಕ್ಕಿಸುತ್ತಾ ಬಾಗಿಲಿಗೆ ಬಂದರು. ತಟ್ಟೆ ನೋಡಿದರು, ನನ್ನನ್ನು ನೋಡಿದರು.

"ಸಾ, ನಿಮ್ ಸ್ಕೂಟ್ರಿಗೆ ನೆನ್ನೆ ಪೂಜೆ ಆಗಿರ್ನಿಲ್ವಾ?"

"ಆಗಿತ್ತು."

"ಅಂಗಾರೆ ಇವತ್ತು ನಡ್ಕಂಡು ಬರ್ಬೇಕಿತ್ತಲ್ಲ."

ನಾನು ಎಷ್ಟೋ ವಿಚಾರಣಾ ಸಮಿತಿಗಳಲ್ಲಿ ಕುಳಿತಿದ್ದೇನೆ. ಇಷ್ಟು ಚಿಕ್ಕ ತೀರ್ಪನ್ನು ಎಲ್ಲೂ ಕೇಳಿಲ್ಲ. ಹ್ಯಾಂಡಲ್ ಎತ್ತಿಕೊಂಡೆ. ಪಂಪಿನ ಹತ್ತಿರ ಹೋಗಿ, ಯಾರಿಗೂ ಕೇಳದಂತೆ "ತಪ್ಪಾಯ್ತು" ಎಂದೆ. ನಾಲ್ಕನೆಯ ಸಲ ತಿರುಗಿಸಿದಾಗ ಪಂಪು ಕೆಮ್ಮಿ, ಕಪ್ಪು ಹೊಗೆ ಬಿಟ್ಟು, ಕ್ಷಮಿಸಿತು.

ಬಲೆಯವನು ಪೈಪಿನ ಬಾಯಿಯನ್ನು ಅಂಗೈಯಿಂದ ಅರ್ಧ ಒತ್ತಿಹಿಡಿದು ನೀರನ್ನು ಎತ್ತರಕ್ಕೆ ಚಿಮ್ಮಿಸಿದ. ಒಂದು ಪಂಪು ಸಾಲುವ ಕೊಳವಲ್ಲ. ನರ್ಸರಿಯ ಹೆಂಗಸರಿಗೆ ಫೋನು ಹೋಗಿತ್ತು. ಆರೂ ಮಂದಿ ಬಂದರು, ಹಬ್ಬದ ಹೂವು ಮುಡಿದವರು ಮುಡಿದ ಹಾಗೇ. ಪೂಜೆಯ ಸಾಲಿನಿಂದ ಕ್ಯಾನುಗಳನ್ನು ಎತ್ತಿಕೊಳ್ಳುವಾಗ ಒಬ್ಬಾಕೆ ನನ್ನ ಕಡೆ ತಿರುಗಿ, ಬಹಳ ಗಂಭೀರವಾಗಿ, "ಸಾರ್, ಕ್ಯಾನು ವಿಶ್ರಾಂತಿಯಲ್ಲಿದೆಯಾ, ತಗೋಬಹುದಾ?" ಎಂದಳು.

"ತಗೊಳ್ಳಮ್ಮ" ಎಂದೆ.

ದಂಡೆಯ ಮೇಲೆ ನಿಂತು ನಾನು ಕಾರ್ಯಾಚರಣೆಯನ್ನು ವ್ಯವಸ್ಥಿತಗೊಳಿಸಲು ಮುಂದಾದೆ. ಒಂದು ಸೀಟಿಗೆ ಎಲ್ಲರೂ ನೀರೆತ್ತುವುದು, ಎರಡನೆಯದಕ್ಕೆ ಸುರಿಯುವುದು. ಎರಡು ಸುತ್ತು ಊದಿದೆನೋ ಇಲ್ಲವೋ, ಕೊಳದ ನಡುವಿನಿಂದ ದೊಡ್ಡಕ್ಕನ ದನಿ ಬಂತು.

"ಸಾ! ಆ ಪೀಪಿ ನಿಲ್ಸಿ ಬಿಂದ್ಗೆ ಇಡ್ಕಳಿ!"

ಪ್ಯಾಂಟು ಮಡಿಸಿ ನೀರಿಗಿಳಿದೆ. ನನ್ನ ಸೇವಾವಧಿಯಲ್ಲಿ ದಂಡೆಯಿಂದ ಕೆಳಗಿಳಿದದ್ದು ಅದೇ ಮೊದಲು. ಕೆಸರು ಕಣಕಾಲಿನವರೆಗೆ ಎಳೆದುಕೊಂಡಿತು. ಮೀನುಗಳು ನನ್ನ ಕಾಲಿಗೆ ಬಂದು ಒರಗುತ್ತಿದ್ದವು, ತಪ್ಪಿಸಿಕೊಂಡು ಹೋಗುವಷ್ಟು ಕಸುವೂ ಅವಕ್ಕಿರಲಿಲ್ಲ. ನಾನು ತಿನ್ನುವವನಲ್ಲ ಎಂದು ಅವಕ್ಕೆ ಗೊತ್ತಿತ್ತು ಎಂದು ಬರೆಯಬೇಕೆನಿಸುತ್ತದೆ. ಆದರೆ ಅವುಗಳ ಈ ಸ್ಥಿತಿಗೆ ನಾನೇ ಕಾರಣ ಎಂಬುದೂ ಗೊತ್ತಿರಬಹುದಲ್ಲ. ಸುಮ್ಮನೆ ಎತ್ತಿ ಸುರಿದೆ. ಐವತ್ತು ಬಿಂದಿಗೆಯ ನಂತರ ಭುಜ ಬಿದ್ದುಹೋಯಿತು. ಪಕ್ಕದಲ್ಲಿ ನನಗಿಂತ ಒಂದು ಗಂಟೆ ಮೊದಲು ಶುರುಮಾಡಿದ್ದ ದೊಡ್ಡಕ್ಕ ನಿಲ್ಲಿಸಿರಲಿಲ್ಲ. ನಾನೂ ನಿಲ್ಲಿಸಲಿಲ್ಲ. ಯಾರೂ ನಿಲ್ಲಿಸಲಿಲ್ಲ.

ಎಂಟೂವರೆಗೆ ಮೋಡ ಹರಿದು ಬಿಸಿಲು ಬಿತ್ತು. ಒಂಬತ್ತಕ್ಕೆ ಬಾಯಿಗಳು ಕಡಿಮೆಯಾದವು. ಹತ್ತರ ಹೊತ್ತಿಗೆ ನೀರಿನ ಮೇಲೆ ಏನೂ ಇರಲಿಲ್ಲ. ದೊಡ್ಡಕ್ಕ ಅಂಗೈಯಲ್ಲಿ ನೀರೆತ್ತಿ ಮೂಸಿ, "ಕೆಳಕ್ಕೋದ್ವು" ಎಂದು ಅಲ್ಲೇ ದಂಡೆಯ ಮೇಲೆ ಕಾಲು ಚಾಚಿ ಕುಳಿತರು. ಸತ್ತ ಮೀನುಗಳನ್ನು ಗೋಣಿತಾಟಿನ ಮೇಲೆ ಸಾಲಾಗಿ ಮಲಗಿಸಿದ್ದರು. ಮೂವತ್ತೆಂಟು. ಈಗ ಎಣಿಸಬಹುದಿತ್ತು, ಎಣಿಸಿದೆ.

ಅಷ್ಟು ಹೊತ್ತಿಗೆ ಮೇಡಂ ಬಂದರು. ಸೆಕ್ಯೂರಿಟಿಯವನು ಆ ವಿಡಿಯೋವನ್ನು ಯಾರಿಗಾದರೂ ಕಳಿಸದೆ ಬಿಡುತ್ತಾನೆಯೇ. ರೇಷ್ಮೆ ಸೀರೆ, ಕೈಯಲ್ಲಿ ಕಾರಿನ ಕೀ. ಗೋಣಿತಾಟು ನೋಡಿದರು, ಒದ್ದೆಮುದ್ದೆಯಾದ ಒಂಬತ್ತು ಜನರನ್ನು ನೋಡಿದರು.

"ಏನಾತ್ರಿ ಇದು? ಚಕ್ರ ಯಾಕ ನಿಂತಿತ್ತು?"

ಬಲೆಯವನು ಥಟ್ಟನೆ, "ಕರೆಂಟ್ ಹೋಗಿತ್ತು ಮೇಡಂ, ರಾತ್ರಿಯೆಲ್ಲಾ" ಎಂದ. ಒಳ್ಳೆಯ ಸುಳ್ಳು. ನನ್ನ ಮೇಲಿನ ಗೌರವದಿಂದ ಹೇಳಿದ್ದು. ಹೆಂಗಸರೆಲ್ಲ ತಲೆಯಾಡಿಸಿದರು. ದೊಡ್ಡಕ್ಕ ಮಾತ್ರ ನೀರನ್ನೇ ನೋಡುತ್ತಿದ್ದರು. 'ನಾನು ಹೇಳಿದ್ದೆ' ಎಂಬ ಎರಡು ಪದ ಆಕೆಯ ಹತ್ತಿರವಿದ್ದವು. ಆಕೆ ಖರ್ಚು ಮಾಡಲಿಲ್ಲ.

"ಕರೆಂಟ್ ಹೋಗಿರಲಿಲ್ಲ ಮೇಡಂ" ಎಂದೆ. "ನಾನು ನಿಲ್ಲಿಸಿದೆ. ಬೇಡ ಅಂತ ದೊಡ್ಡಕ್ಕ ಹೇಳಿದ್ರು. ಕೇಳಲಿಲ್ಲ. ಮೋಟರಿಗೆ ನೀರು ಹಾಕ್ಸಿದ್ದೂ ನಾನೇ. ಬರೆದು ಕೊಡ್ತೀನಿ. ಸೋಮವಾರ ಡೈರೆಕ್ಟರು ಕೊಳ ನೋಡೋಕೆ ಮುಂಚೆ ಅದನ್ನ ಓದ್ಲಿ. ಕೊಳದ ತಪ್ಪಿಲ್ಲ ಅಂತ ಅವರಿಗೆ ಗೊತ್ತಿರಬೇಕು."

ಮೇಡಂ ಗೋಣಿತಾಟಿನ ಕಡೆ ಇನ್ನೊಮ್ಮೆ ನೋಡಿದರು. "ಸೋಮವಾರ ಬಲೆ ಹಾಕೋದು ಅದಾ, ಇಲ್ಲಾ?"

ಈಗ ದೊಡ್ಡಕ್ಕ ತಲೆಯೆತ್ತಿದರು. "ಆಕ್ತೀವಿ ಮೇಡಂ. ಪುಸ್ತಕದಾಗೆ ಬರ್ದಾಗದೆ."

ಆ ದಿನ ಮತ್ತು ಆ ರಾತ್ರಿ ಪಾಳಿ ಹಾಕಿಕೊಂಡು ಪಂಪನ್ನು ಓಡಿಸಿದೆವು. ಪಾಳಿಯ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಬರೆದೆ. ಶುಕ್ರವಾರ ಎಲೆಕ್ಟ್ರಿಷಿಯನ್ ಒಬ್ಬಟ್ಟಿನ ಡಬ್ಬಿ ಸಮೇತ ಬಂದು, ಮೋಟರನ್ನು ಬಿಚ್ಚಿ, ಬಲ್ಬಿನ ಕಾವಿನಲ್ಲಿ ಒಣಗಿಸಿ, ಚಕ್ರ ತಿರುಗಿಸಿಕೊಟ್ಟ. ಮೂರು ದಿನ ಮೀನಿಗೆ ಉಪವಾಸ ಹಾಕಿದರು ದೊಡ್ಡಕ್ಕ. ನಾನು ಯಾಕೆಂದು ಕೇಳಲಿಲ್ಲ. ಬರೆದುಕೊಂಡೆ.

ಸೋಮವಾರ ಡೈರೆಕ್ಟರು ಬಂದರು. ಕೈಯಲ್ಲಿ ನನ್ನ ಪತ್ರವಿತ್ತು; ಎರಡು ಪುಟ, ಕೊನೆಯಲ್ಲಿ ಪೂರ್ಣ ರುಜು. ಬಲೆಯವನು ಒಂದು ಕಡೆ, ದೊಡ್ಡಕ್ಕ ಇನ್ನೊಂದು ಕಡೆ ಹಿಡಿದು ಎಳೆದರು. ಮೊದಲು ಬಲೆ ಹಗುರಾಗಿ ಬಂತು. ಆಮೇಲೆ ನೀರು ಕುದಿದ ಹಾಗಾಯಿತು. ಬೆಳ್ಳಗೆ, ದಪ್ಪಗೆ, ಒಂದರ ಮೇಲೊಂದು ನೆಗೆಯುತ್ತಾ ಬಂದವು. ಒಂದು ಕಾಟ್ಲಾ ಬಾಲ ಬಡಿದು ಡೈರೆಕ್ಟರ ಬೂಟಿಗೆ ಕೆಸರು ಹಾರಿಸಿತು.

ಅವರು ನಕ್ಕು ನನ್ನ ಕಡೆ ತಿರುಗಿ, "ನೀವು ಮೀನು ತಿಂತೀರಾ?" ಎಂದರು.

"ಇಲ್ಲ ಸಾರ್. ಪರಿಚಯ ಇದೆ, ಅಷ್ಟೇ."

ಕಾರುಗಳಿಗೆ ಹಿಂದಿನ ಗೇಟಿನ ಬಳಿ ಜಾಗ ನೋಡಲು ಮೇಡಂಗೆ ಹೇಳಿದರು. ಸದ್ಯಕ್ಕೆ, ಎಂದೂ ಸೇರಿಸಿದರು. ನನ್ನ ಪತ್ರವನ್ನು ಮಡಿಸಿ ಜೇಬಿಗಿಡುತ್ತಾ, "ಈ ಚಕ್ರದ ಸ್ವಿಚ್ಚಿನ ಪೆಟ್ಟಿಗೆಗೆ ಒಂದು ಬೀಗ ಹಾಕ್ಸಿ. ಕೀ ಆಯಮ್ಮನ ಹತ್ರ ಇರ್ಲಿ" ಎಂದರು. ಅಂದಿನಿಂದ ಆ ಕೀ ದೊಡ್ಡಕ್ಕನ ಸೊಂಟದಲ್ಲಿದೆ. ಹೀಗೆ ಮೀನುಗಾರಿಕೆ ಖಾತೆ ನನ್ನ ಕೈತಪ್ಪಿತು. ರಿಜಿಸ್ಟರು ಮಾತ್ರ ಉಳಿಯಿತು. ಕೆಂಪು ಶಾಯಿಯ ಮೊದಲ ಪುಟದ ಕೆಳಗೆ 'ದೊಡ್ಡಕ್ಕನನ್ನು ಕೇಳದೆ ಯಾವುದನ್ನೂ ನಿಲ್ಲಿಸತಕ್ಕದ್ದಲ್ಲ' ಎಂದು ಸೇರಿಸಿ, ರುಜು ಹಾಕಿದೆ.

ಮುಂದಿನ ವರ್ಷದ ಆಯುಧಪೂಜೆಯಲ್ಲಿ ಚಕ್ರ ತಿರುಗುತ್ತಲೇ ಇತ್ತು. ದಂಡೆಯಿಂದಲೇ ಮಂಗಳಾರತಿ ತೋರಿಸಿದೆವು. ಹಾರವನ್ನು ಸ್ವಿಚ್ಚಿನ ಪೆಟ್ಟಿಗೆಗೆ ಹಾಕಿದೆವು, ತೊಳೆಯದೆ, ಒಣಬಟ್ಟೆಯಲ್ಲಿ ಒರೆಸಿ. ಪುರಿಯನ್ನು ಮನುಷ್ಯರೇ ತಿಂದೆವು. ಎಲ್ಲ ಮುಗಿಯಿತು ಎನ್ನುವಾಗ ದೊಡ್ಡಕ್ಕ ತಟ್ಟೆ ಹಿಡಿದು ನನ್ನ ಮುಂದೆ ಬಂದು ನಿಂತರು.

"ಸಾ, ಆ ಪೀಪಿ ಕೊಡಿ. ಅದೂ ಅತಾರನೇ ಅಲ್ವಾ?"

ಕೊಟ್ಟೆ. ಅರಿಶಿನ ಹಚ್ಚಿದರು, ಕುಂಕುಮ ಇಟ್ಟರು, ಒಂದು ಸೇವಂತಿಗೆ ಏರಿಸಿದರು. ಚಾಮುಂಡಿಯ ಫೋಟೋದ ಮುಂದೆ ತಟ್ಟೆಯಲ್ಲಿ ಮಲಗಿಸಿದರು.

"ನಾಳೆ ಸಾಯಂಕಾಲದ್ ಗಂಟ ಮುಟ್ಟಂಗಿಲ್ಲ. ವರ್ಸವೆಲ್ಲಾ ಊದಿದೆ, ಒಂದಿನ ಕೂರ್ಲಿ."

ಹಿಂದಿನಿಂದ ಹೆಂಗಸರು ಒಕ್ಕೊರಲಿನಿಂದ, "ಸೀಟಿಯು ವಿಶ್ರಾಂತಿಯಲ್ಲಿದೆ!" ಎಂದರು.

ಮರುದಿನ ರಜೆಯಾದರೂ ಗಿಡಕ್ಕೆ ಬಿಂದಿಗೆಯಲ್ಲಿ ನೀರು ಹಾಕಲು ಎಲ್ಲರೂ ಅರ್ಧ ದಿನ ಬಂದಿದ್ದರು. ಬಲೆಯವನು ಫೋನಿನಲ್ಲಿ ಮಾತಾಡುತ್ತಾ ನೇರಳೆ ಸಸಿಗಳ ಸಾಲಿನ ಮೇಲೆಯೇ ನಡೆದುಹೋದ. ನನ್ನ ಕೈ ತಾನಾಗಿ ಕೊರಳಿಗೆ ಹೋಯಿತು. ಅಲ್ಲಿ ದಾರವಿರಲಿಲ್ಲ. ಬಿಂದಿಗೆ ಎತ್ತಿಕೊಂಡು ಸಸಿಗಳ ಹತ್ತಿರ ಹೋಗಿ, ಬಾಗಿದ್ದನ್ನು ನೆಟ್ಟಗೆ ಮಾಡಿ ನೀರು ಹಾಕಿದೆ. ಆ ಅರ್ಧ ದಿನ ಎಲ್ಲ ಕೆಲಸವೂ ಹೊತ್ತಿಗೆ ಸರಿಯಾಗಿ, ಯಾವ ಲೋಪವೂ ಇಲ್ಲದೆ ಮುಗಿಯಿತು. ಇದನ್ನೂ ರಿಜಿಸ್ಟರಿನಲ್ಲಿ ನಮೂದಿಸಿದ್ದೇನೆ. ಕಾರಣ ಬರೆಯುವ ಅಂಕಣವನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ.